ತೊಟ್ಟಿಲ ಪಟ್ಟಿಯ ಗಂಟು

ತಾಷ್ಕೆಂಟ್, ಚಿಲಾನ್‌ಝಾರ್ ಬಡಾವಣೆ
೧೩ ಅಕ್ಟೋಬರ್ ೧೯೬೮, ಭಾನುವಾರ

ಪ್ರೀತಿಯ ಸೊಸೆ ಸಬೋಹತ್,

ಹೇಗಿದ್ದೀಯ? ಬಲಗೈಯ ಆ ಎರಡು ಬೆರಳುಗಳು ಈಗ ಪೂರ್ತಿ ಮಡಚುತ್ತವೆಯೇ? ಚಳಿ ಶುರುವಾದರೆ ಮೂಳೆ ಮುರಿದ ಜಾಗ ಮತ್ತೆ ನೋಯುತ್ತದೆ. ಕುರಿಯ ಬಾಲದ ಕೊಬ್ಬನ್ನು ಬೆಚ್ಚಗೆ ಮಾಡಿ ಸವರಿ, ಮೇಲೆ ಉಣ್ಣೆಬಟ್ಟೆ ಸುತ್ತಿಕೊಂಡು ಮಲಗು. ವೈದ್ಯರ ಮುಲಾಮಿಗಿಂತ ಅದು ವಾಸಿ. ನಿನ್ನ ತಂದೆಯವರ ಕೆಮ್ಮು ಹೇಗಿದೆ? ತಾಯಿಯವರು ಈ ವರ್ಷವೂ ದಾಳಿಂಬೆ ರಸ ಇಳಿಸಿದರೇ? ನೀನು ಕೋಕಂದಿನಲ್ಲಿ ಕಾಲುಚೀಲದ ಕಾರ್ಖಾನೆಗೆ ಸೇರಿದ್ದೀಯೆಂದು ನಿನ್ನ ಗಂಡ ತುರ್ಗುನ್ ಹೇಳಿದ. ನಿಂತೇ ಮಾಡುವ ಕೆಲಸವಂತೆ. ಹೊಟ್ಟೆಗೆ ಸರಿಯಾಗಿ ತಿನ್ನು. ನೀನು ತಿನ್ನುವುದರಲ್ಲಿ ಮೊದಲಿನಿಂದಲೂ ಕಳ್ಳಿ. ತಟ್ಟೆಯ ಅನ್ನವನ್ನು ಬೆರಳಿನಿಂದ ಹರವಿ, ತಿಂದ ಹಾಗೆ ತೋರಿಸುತ್ತಿದ್ದೆ. ನಾನು ನೋಡುತ್ತಿರಲಿಲ್ಲ ಎಂದುಕೊಂಡಿದ್ದೆಯೇನೋ.

ನಾವೆಲ್ಲ ಇದ್ದೇವೆ. ನನ್ನ ಮೊಣಕಾಲು ಬಿಟ್ಟರೆ ನನಗೆ ಯಾವ ಕಾಯಿಲೆಯೂ ಇಲ್ಲ. ನಿನ್ನ ನಾದಿನಿ ನಫೀಸಾ ತಾಂತ್ರಿಕ ಶಾಲೆಯವರ ಜೊತೆ ಹತ್ತಿ ಬಿಡಿಸಲು ಹೋಗಿದ್ದಾಳೆ, ಬರುವುದು ನವೆಂಬರಿಗೆ. ತುರ್ಗುನ್ ಕೆಲಸಕ್ಕೆ ಹೋಗುತ್ತಾನೆ, ಬರುತ್ತಾನೆ, ಉಣ್ಣುತ್ತಾನೆ, ಗೋಡೆ ನೋಡುತ್ತಾನೆ. ಇದಕ್ಕಿಂತ ಹೆಚ್ಚಿನ ಸುದ್ದಿ ಅವನ ಬಗ್ಗೆ ಇಲ್ಲ.

ನೀನು ಹೋಗಿ ಎರಡು ವರ್ಷ ನಾಲ್ಕು ತಿಂಗಳಾಯಿತು. ಇಷ್ಟು ದಿನ ನಾನು ಒಂದು ಸಾಲೂ ಬರೆಯಲಿಲ್ಲ. ಹತ್ತನೆಯ ತರಗತಿ ಮುಗಿಸಿದವಳು ನಾನು, ಅಕ್ಷರಕ್ಕೆ ಬಡತನವಿರಲಿಲ್ಲ. ಬರೆಯಲಿಲ್ಲ, ಅಷ್ಟೇ. ಈಗ ಬರೆಯುತ್ತಿರುವುದು ನಿನ್ನ ತಂದೆಯವರ ಕಾಗದ ಬಂದದ್ದಕ್ಕೆ. ತುರ್ಗುನ್ ಅದನ್ನು ಮೂರು ದಿನ ಚಹಾ ಪಾತ್ರೆಯ ಅಡಿಯಲ್ಲಿಟ್ಟಿದ್ದ. ನಾಲ್ಕನೆಯ ದಿನ ನಾನೇ ತೆಗೆದು ಓದಿದೆ. "ನನ್ನ ಮಗಳು ತನ್ನ ಕೈಯಿಂದಲೇ ಮಗೂನ ಕಳ್ಕೊಂಡವಳು. ಇನ್ನೊಂದು ಸಲ ತೊಟ್ಟಿಲು ಮುಟ್ಟೋ ಧೈರ್ಯ ತನಗಿಲ್ಲ ಅಂತಾಳೆ. ನಿಮ್ಮ ಮಗನ್ನ ಹಿಡಿದಿಟ್ಕೊಳ್ಳೋದು ನಮಗೆ ಇಷ್ಟವಿಲ್ಲ, ಅವನ ದಾರಿ ಅವನು ನೋಡ್ಕೊಳ್ಲಿ," ಎಂದು ಮಾತಿನಲ್ಲಿ ಹೇಳಿದ ಹಾಗೆಯೇ ಬರೆದಿದ್ದಾರೆ. ನವೆಂಬರ್ ಐದಕ್ಕೆ ಕೋಕಂದಿನ ನ್ಯಾಯಾಲಯಕ್ಕೆ ಬಂದು ವಿಚ್ಛೇದನಕ್ಕೆ ಸಹಿ ಮಾಡಬೇಕಂತೆ. ಆ ದಿನ ಬರಲು ಇನ್ನು ಮೂರು ವಾರ ಇದೆ. ತುರ್ಗುನ್ ಹೂಂ ಎನ್ನಲಿಲ್ಲ, ಉಹೂಂ ಎನ್ನಲಿಲ್ಲ. ಎರಡು ಸಲ ಕೋಕಂದಿಗೆ ಬಂದಾಗಲೂ ನೀನು ಕೋಣೆಯಿಂದ ಹೊರಗೆ ಬರಲಿಲ್ಲವಂತೆ. ಎರಡನೆಯ ಸಲ ಬಾಗಿಲಿನಡಿಯಿಂದ ನಿನ್ನ ಪಾದ ಕಂಡಿತಂತೆ.

ನಾವಿರುವ ಜಾಗ ನೀನು ನೋಡಿಲ್ಲ. ನಾಲ್ಕು ಮಹಡಿಯ ಕಟ್ಟಡ, ನಮ್ಮದು ನಾಲ್ಕನೆಯದು. ಎರಡು ಕೋಣೆ, ಒಂದು ಅಡುಗೆ ಗೂಡು. ಅಡುಗೆಮನೆಯಲ್ಲಿ ನಾನು ತಿರುಗಿದರೆ ನಫೀಸಾ ಹೊರಗೆ ಹೋಗಬೇಕು. ನಲ್ಲಿ ತಿರುಗಿಸಿದರೆ ಬಿಸಿನೀರು ಬರುತ್ತದೆ, ಅದನ್ನು ಇಲ್ಲವೆನ್ನಲಾರೆ. ಆದರೆ ರೊಟ್ಟಿ ಸುಡುವ ಒಲೆಯಿಲ್ಲ, ಅಂಗಡಿಯಿಂದ ತರುವ ರೊಟ್ಟಿ ಇಟ್ಟಿಗೆಯ ಆಕಾರದಲ್ಲೇ ಇರುತ್ತದೆ, ರುಚಿಯೂ ಅದರದೇ. ಕಿಟಕಿಯಿಂದ ನೋಡಿದರೆ ಇಂಥವೇ ಇಪ್ಪತ್ತು ಕಟ್ಟಡ ಕಾಣುತ್ತವೆ. ಭೂಕಂಪವಾದ ಮೇಲೆ ಯಾವ ಯಾವ ಸೀಮೆಯಿಂದಲೋ ಜನ ಬಂದು ಕಟ್ಟಿದರು. ಬೇಗ ಕಟ್ಟಿದರು, ಅದಕ್ಕೆ ಋಣಿ. ಪತ್ರಿಕೆಯವರು ಹೊಸ ತಾಷ್ಕೆಂಟ್ ಎಂದು ಚಿತ್ರ ಹಾಕುತ್ತಾರೆ. ಚಿತ್ರದಲ್ಲಿ ಕಾರಂಜಿ ಇರುತ್ತದೆ. ನಾನು ಆ ಚಿತ್ರಗಳಲ್ಲಿ ನಮ್ಮ ಕುಂಬಾರರ ಓಣಿ ಎಲ್ಲಿತ್ತು ಎಂದು ಹುಡುಕಿದೆ. ಸಿಕ್ಕಿದ್ದು ಒಂದು ಅಗಲವಾದ ರಸ್ತೆ, ಅದರ ನಡುವೆ ಬಿಳಿ ಗೆರೆ. ಅಪರೂಪಕ್ಕೆ ಈಗಲೂ ನೆಲ ಮಿಸುಕುತ್ತದೆ. ಕಪಾಟಿನ ಪಿಂಗಾಣಿ ಬಟ್ಟಲುಗಳು ಒಂದಕ್ಕೊಂದು ತಾಗಿ ಸದ್ದು ಮಾಡಿದರೆ ಕಟ್ಟಡದವರೆಲ್ಲ ಮೆಟ್ಟಿಲಿಗೆ ಓಡಿಬರುತ್ತಾರೆ, ಒಬ್ಬರ ಮುಖ ಒಬ್ಬರು ನೋಡುತ್ತಾರೆ, ಮತ್ತೆ ಒಳಗೆ ಹೋಗುತ್ತಾರೆ. ನಫೀಸಾ ಇಂದಿಗೂ ಚಪ್ಪಲಿಯನ್ನು ದಿಂಬಿನ ಪಕ್ಕ ಇಟ್ಟುಕೊಂಡೇ ಮಲಗುವುದು.

ಓಣಿಯವರು ಊರಿನ ನಾಲ್ಕು ಮೂಲೆಗೆ ಚದುರಿಹೋದರು. ಓಣಿಯ ಹಿರಿಯ ಮಿರ್‌ಕರೀಂ ಅಕಾ ಪಕ್ಕದ ಕಟ್ಟಡದಲ್ಲಿದ್ದಾರೆ. ಒಂದು ಕಾಲದಲ್ಲಿ ಅವರು ತಮ್ಮ ಹೆಬ್ಬಾಗಿಲ ಜಗಲಿಯಲ್ಲಿ ಕೂತರೆ ಕತ್ತೆ ಗಾಡಿಯವನೂ ಕೆಳಗಿಳಿದು ಸಲಾಂ ಹೇಳಿ ಮುಂದೆ ಹೋಗುತ್ತಿದ್ದ. ಈಗ ಕಟ್ಟಡದ ಮುಂದೆ ಹಸಿರು ಬೆಂಚಿನಲ್ಲಿ ಕೂರುತ್ತಾರೆ. ಮೊನ್ನೆ ನನ್ನನ್ನು ಕಂಡು, "ಹುರ್ಮತ್, ಬೆಳಗಿಂದ ನಲವತ್ತು ಜನ ಹೋದ್ರು ಈ ಬಾಗಿಲಲ್ಲಿ. ಸಲಾಂ ಹೇಳಿದ್ದು ಒಂದೇ ಒಂದು, ಅದೂ ಬಾಲ ಆಡಿಸ್ತು," ಎಂದರು. ನಗುತ್ತಾರೇನೋ ಎಂದು ನೋಡಿದೆ, ನಗಲಿಲ್ಲ. ಆಗಸ್ಟಿನಲ್ಲಿ ಅವರ ಹೆಂಡತಿ ತೀರಿಕೊಂಡರು. ಶವದ ಮಂಚ ಮೆಟ್ಟಿಲ ತಿರುವಿನಲ್ಲಿ ಹಾಯಲಿಲ್ಲ. ಅರವತ್ತು ವರ್ಷ ತಲೆಯ ಮೇಲಿನ ಸೆರಗು ಜಾರದಂತೆ ಬದುಕಿದ ಹೆಂಗಸನ್ನು ರತ್ನಗಂಬಳಿಯಲ್ಲಿ ಸುತ್ತಿ, ನೆಟ್ಟಗೆ ನಿಲ್ಲಿಸಿಕೊಂಡು ಮೂರು ಮಹಡಿ ಇಳಿಸಿದರು. ನಾನು ಮೇಲಿನ ಮೆಟ್ಟಿಲಲ್ಲಿ ನಿಂತು ನೋಡಿದೆ. ಆ ದಿನದಿಂದ ನನಗೆ ಸಾವಿನ ಬಗ್ಗೆ ಇದ್ದ ಒಂದೇ ಸಮಾಧಾನವೂ ಹೋಯಿತು.

ಇಲ್ಲಿ ಗುಡಿಸುವುದಕ್ಕೆ ಅಂಗಳವಿಲ್ಲ, ಓಣಿಯಿಲ್ಲ. ಮೆಟ್ಟಿಲು ಮಾತ್ರ. ಅದಕ್ಕೂ ಸರದಿ, ಯಾರ ವಾರ ಯಾರದು ಎಂದು ಗೋಡೆಗೆ ಪಟ್ಟಿ ಅಂಟಿಸಿದ್ದಾರೆ. ನಾನು ಆ ಪಟ್ಟಿ ನೋಡುವುದಿಲ್ಲ. ಸೂರ್ಯ ಹುಟ್ಟುವ ಮೊದಲು ಎದ್ದು, ನಾಲ್ಕನೆಯ ಮಹಡಿಯಿಂದ ಕೆಳಗಿನ ಬಾಗಿಲವರೆಗೆ ನೀರು ಚಿಮುಕಿಸಿ ನಾನೇ ಗುಡಿಸುತ್ತೇನೆ. ಎರಡನೆಯ ಮಹಡಿಯಲ್ಲಿ ಹಾಲ್ಯಾ ಎಂಬ ಹೆಣ್ಣುಮಗಳಿದ್ದಾಳೆ, ಗಾರೆ ಬಳಿಯಲು ಉಕ್ರೇನಿನ ಪೋಲ್ತಾವಾದಿಂದ ಬಂದವಳು, ಕೆಲಸ ಮುಗಿದರೂ ಇಲ್ಲೇ ಉಳಿದಳು. ಒಂದು ದಿನ ಬಾಗಿಲು ತೆರೆದು, "ಅಜ್ಜೀ, ಈ ವಾರ ನಂದಲ್ವಾ? ಇಷ್ಟೊತ್ತಿಗೆ ಪೊರಕೆ ಸದ್ದು ಕೇಳಿ ಕಳ್ಳ ಬಂದ ಅಂದ್ಕೊಂಡೆ. ಮನೇಲಿ ಸೊಸೆ ಇಲ್ವಾ?" ಎಂದು ಕೇಳಿದಳು. ನಾನು ಗುಡಿಸುತ್ತಾ ಕೆಳಗಿನ ಮೆಟ್ಟಿಲಿಗೆ ಹೋದೆ. ಪಾಪ, ಅವಳಿಗೇನು ಗೊತ್ತು. ಮಧ್ಯಾಹ್ನ ಒಂದು ತಟ್ಟೆ ಉಪ್ಪಿನ ಸೌತೆಕಾಯಿ ತಂದುಕೊಟ್ಟು ಹೋದಳು.

ಗುಡಿಸುವಾಗ ನಿನ್ನ ನೆನಪಾಗುತ್ತದೆ, ಬೇರೆ ಹೇಗೆ ಆಗದಿರುತ್ತದೆ. ಮದುವೆಯಾಗಿ ಬಂದ ಮೂರನೆಯ ದಿನವೇ ನಿನ್ನ ಕೈಗೆ ಪೊರಕೆ ಕೊಟ್ಟಿದ್ದೆ. ಬೆಳಕು ಹರಿಯುವ ಮುಂಚೆ ಸೊಸೆ ಓಣಿ ಗುಡಿಸಿರಬೇಕು, ಮಿರ್‌ಕರೀಂ ಅಕಾ ಮಸೀದಿಯಿಂದ ಬರುವಾಗ ನೆಲ ಒದ್ದೆಯಿರಬೇಕು ಎಂದು ಹೇಳಿದ್ದೆ. ಬಸುರಿಯಾಗಿದ್ದಾಗಲೂ ಬಿಡಲಿಲ್ಲ, ಬಾಣಂತನದ ನಲವತ್ತು ದಿನ ಮಾತ್ರ ಬಿಟ್ಟೆ. ನೀನು ಒಮ್ಮೆಯೂ ತಡಮಾಡಲಿಲ್ಲ. ಓಣಿಯ ಹೆಂಗಸರು ಹೊಗಳಿದಾಗ ನಾನು ನಿನ್ನ ಮುಂದೆ ಅದನ್ನು ಒಪ್ಪಿಕೊಳ್ಳಲಿಲ್ಲ. ಈಗ ಹೇಳುತ್ತಿದ್ದೇನೆ. ಆ ಓಣಿಯಲ್ಲಿ ನಿನ್ನಷ್ಟು ಚೊಕ್ಕವಾಗಿ ಗುಡಿಸಿದವರು ಇರಲಿಲ್ಲ. ನನ್ನನ್ನೂ ಸೇರಿಸಿ.

ಹಳೆಯ ಮನೆಯ ಸುದ್ದಿಯನ್ನೂ ಬರೆಯಬೇಕು. ನೀನು ಹೋದ ಮೇಲೆ ಒಂದು ವರ್ಷ ಬಿರುಕು ಬಿಟ್ಟ ಗೋಡೆಗಳಿಗೆ ಮರದ ಆಸರೆ ಕೊಟ್ಟು ಅಲ್ಲೇ ಇದ್ದೆವು. ಕಳೆದ ವರ್ಷ ಸೆಪ್ಟೆಂಬರಿನಲ್ಲಿ ನಮ್ಮ ಸಾಲು ಕೆಡವುವ ದಿನ ಗೊತ್ತಾಯಿತು. ತುರ್ಗುನ್ ಆಗಲೇ ಬುಲ್ಡೋಜರ್ ಓಡಿಸುವ ಕೆಲಸಕ್ಕೆ ಸೇರಿದ್ದ. ಅರ್ಧ ಓಣಿಯನ್ನು ಅವನೇ ಕೆಡವಿದ್ದು. ನಮ್ಮ ಮನೆಯನ್ನು ಬೇರೆಯವರು ಮುಟ್ಟುವುದು ಬೇಡ, ತಾನೇ ಮಾಡುತ್ತೇನೆ ಎಂದು ಮೇಸ್ತ್ರಿಯನ್ನು ಕೇಳಿಕೊಂಡನಂತೆ. ಸಾಮಾನೆಲ್ಲ ಲಾರಿಗೆ ಹೇರಿದೆವು. ತೊಟ್ಟಿಲನ್ನು ಮಾತ್ರ ನಾನು ಹೇರಿಸಲಿಲ್ಲ. ಅದು ತುರ್ಗುನನ ಅಜ್ಜನನ್ನು ತೂಗಿದ ತೊಟ್ಟಿಲು, ಕಾಲಿನ ಕೆಂಪು ಬಣ್ಣ ಇನ್ನೂ ಹೋಗಿರಲಿಲ್ಲ. ನೆರೆಯ ಖೋಸಿಯತ್ ತನ್ನ ಮೊಮ್ಮಗನಿಗೆ ಕೇಳಿದಳು, ಕೊಡಲಿಲ್ಲ. ನಿನ್ನ ಕೋಣೆಯಲ್ಲೇ, ಅದು ಇದ್ದಲ್ಲೇ ಬಿಟ್ಟೆ. ತುರ್ಗುನ್ ಮೊದಲು ಹೆಬ್ಬಾಗಿಲು ಬೀಳಿಸಿದ, ಆಮೇಲೆ ಅಡುಗೆಮನೆ. ನಿನ್ನ ಕೋಣೆಯ ಹೊರಗೋಡೆ ಬಿದ್ದು ಧೂಳು ಅಡಗಿದಾಗ ಒಳಗೆ ತೊಟ್ಟಿಲು ಕಂಡಿತು. ಅವನು ಯಂತ್ರ ನಿಲ್ಲಿಸಿ ಕೆಳಗಿಳಿದು ನನ್ನ ಹತ್ತಿರ ಬಂದ. "ಒಯಿ, ಇದನ್ನ ಯಾಕೆ ಬಿಟ್ರಿ?" ಎಂದು ಕೇಳಿದ. "ನಾಲ್ಕನೇ ಮಹಡಿಗೆ ಯಾರು ಹೊರ್ತಾರೆ," ಎಂದೆ. ಒಯಿ ಎಂದು ಕರೆಯುವ ತಾಯಿಯ ಮುಖವನ್ನು ಮಗ ಹಾಗೆ ನೋಡಬಾರದು, ಆದರೆ ನೋಡಿದ. ಆಮೇಲೆ ಏಪ್ರಿಕಾಟ್ ಮರದ ಕೆಳಗೆ ಹೋಗಿ ಕೂತ. ಉಳಿದದ್ದನ್ನು ಬೇರೆ ಚಾಲಕ ಬಂದು ಕೆಡವಿದ. ಮರವನ್ನು ಮಾರನೆಯ ದಿನ ಕಡಿದರು.

ಆ ಬೆಳಿಗ್ಗೆಯ ವಿಷಯ ಇಷ್ಟು ದಿನ ಈ ಮನೆಯಲ್ಲಿ ಯಾರೂ ಎತ್ತಿಲ್ಲ. ನಾನೂ ಎತ್ತುತ್ತಿರಲಿಲ್ಲ. ಆದರೆ ನಿನ್ನ ತಂದೆಯವರ ಕಾಗದದಲ್ಲಿ "ತನ್ನ ಕೈಯಿಂದಲೇ" ಎಂಬ ಮಾತಿದೆ, ಅದು ನನ್ನನ್ನು ಬಿಡುತ್ತಿಲ್ಲ. ಊರಿನಲ್ಲಿ ಸತ್ತವರು ತುಂಬಾ ಕಡಿಮೆ ಎಂದು ಪತ್ರಿಕೆಯಲ್ಲಿ ಬಂದಿತ್ತು. ಆ ಕಡಿಮೆಯಲ್ಲಿ ನಮ್ಮ ಅನೋರಾ ಒಬ್ಬಳು. ಎಂಟು ತಿಂಗಳು. ಭುಜದ ಮೇಲೆ ಕೆಂಪು ಮಚ್ಚೆ ಇತ್ತೆಂದು ದಾಳಿಂಬೆಯ ಹೆಸರಿಟ್ಟೆವು. ನೀನು ನಸುಕಿನಲ್ಲಿ ಅವಳಿಗೆ ಹಾಲೂಡಿಸಿ, ಕೈಕಾಲು ಅಲುಗದಂತೆ ತೊಟ್ಟಿಲಿಗೆ ಪಟ್ಟಿ ಕಟ್ಟಿ ಮಲಗಿಸಿ, ಪೊರಕೆ ಹಿಡಿದು ಓಣಿಗೆ ಹೋಗಿದ್ದೆ. ನೆಲ ಕೆಳಗಿನಿಂದ ಗುದ್ದಿದಾಗ ನಾವೆಲ್ಲ ಹೊರಗೆ ಓಡಿದೆವು, ನೀನೊಬ್ಬಳು ಒಳಗೆ ಓಡಿದೆ. ತೊಟ್ಟಿಲಿನ ಕಾಲು ಕುಸಿದ ಗೋಡೆಗೂಡಿನಡಿ ಸಿಕ್ಕಿಕೊಂಡಿತ್ತು, ಎತ್ತಲು ಬರಲಿಲ್ಲ. ಎದೆಯ ಮೇಲಿನ ಪಟ್ಟಿ ಬಿಚ್ಚಲು ಬರಲಿಲ್ಲ. ತುರ್ಗುನ್ ರೊಟ್ಟಿ ಕೊಯ್ಯುವ ಚಾಕು ತಂದು ಪಟ್ಟಿ ಕತ್ತರಿಸುವ ಹೊತ್ತಿಗೆ ಮೇಲಿನ ಗೋಡೆ ಬಿದ್ದಾಗಿತ್ತು. ನಿನ್ನ ಬೆರಳು ಮುರಿದದ್ದೂ ಆಗಲೇ.

ನಾನು ಎಷ್ಟೋ ಸಲ ನಿನಗೆ ಗಂಟು ಹೇಳಿಕೊಟ್ಟಿದ್ದೆ. ಮೂರು ಸುತ್ತು, ತುದಿಯನ್ನು ಎಡಕ್ಕೆ ತಂದು ಒಳಗೆ ತಳ್ಳಿ ಎಳೆಯುವುದು. ಓಣಿಯಲ್ಲಿ ಯಾರ ಮನೆಯಲ್ಲಿ ಮಗು ಹುಟ್ಟಿದರೂ ಮೊದಲ ಸಲ ತೊಟ್ಟಿಲಿಗೆ ಕಟ್ಟಲು ನನ್ನನ್ನೇ ಕರೆಯುತ್ತಿದ್ದರು. ನಾನು ಕಟ್ಟಿದರೆ ಮಗು ಕೈ ಬಿಡಿಸಿಕೊಂಡು ಎಚ್ಚರಾಗುವ ಪ್ರಶ್ನೆಯೇ ಇರಲಿಲ್ಲ. ನಿನಗೆ ಅದು ಬರಲೇ ಇಲ್ಲ. ನೀನು ಹಾಕುತ್ತಿದ್ದದ್ದು ಹೂವಿನ ಹಾಗೆ ಎರಡು ಕುಣಿಕೆಯ ಗಂಟು, ಒಂದು ತುದಿ ಎಳೆದರೆ ಬಿಚ್ಚಿಹೋಗುವಂಥದ್ದು. "ಇದು ಗಂಟಾ ಅಥವಾ ಜಡೆಗೆ ಕಟ್ಟೋ ರಿಬ್ಬನ್ನಾ? ಬೆಕ್ಕು ಬಂದು ಬಿಚ್ಚಿ ಹೋಗುತ್ತೆ," ಎಂದು ಬೈಯುತ್ತಿದ್ದೆ. "ಆಗ ಬೆಕ್ಕೇ ತೂಗ್ಲಿ ಬಿಡಿ ಒಯಿ, ನಾನು ಸ್ವಲ್ಪ ಮಲಗ್ತೀನಿ," ಎಂದು ನೀನು ನಕ್ಕಿದ್ದೆ ಒಂದು ಸಲ. ಅತ್ತೆಯ ಮುಂದೆ ನಗುವುದೇ ಎಂದು ನನಗೆ ಸಿಟ್ಟು ಬಂದಿತ್ತು. ಈಗ ಆ ನಗುವಿಗೆ ಏನು ಬೇಕಾದರೂ ಕೊಟ್ಟೇನು.

ಆ ಬೆಳಿಗ್ಗೆ ಅಂಗಳದಲ್ಲಿ ಓಣಿಯ ಮೂವತ್ತು ಜನ ಮಲಗಿದ ಬಟ್ಟೆಯಲ್ಲೇ ನಿಂತಿದ್ದರು. ಮಗುವನ್ನು ತುರ್ಗುನ್ ಎತ್ತಿಕೊಂಡಿದ್ದ. ಖೋಸಿಯತ್ ನಿನ್ನನ್ನು ಹಿಡಿದುಕೊಂಡು ಏನಾಯಿತು, ಯಾಕೆ ಎತ್ತಿಕೊಳ್ಳಲಿಲ್ಲ ಎಂದು ಕೇಳುತ್ತಿದ್ದಳು. "ಗಂಟು ಬಿಚ್ಚಲಿಲ್ಲ, ಗಂಟು ಬಿಚ್ಚಲಿಲ್ಲ," ಎಂದು ನೀನು ಹೇಳುತ್ತಲೇ ಇದ್ದೆ. ಆಗ ನಾನು ಹೇಳಿದ್ದು ನಿನಗೆ ನೆನಪಿದೆ. ನನಗೂ ನೆನಪಿದೆ. "ಇಷ್ಟು ದಿನ ಕಲಿಯದ ಗಂಟನ್ನ ಇವತ್ತೇ ಕಲಿತೆಯಾ?" ಎಂದೆ. ನೀನು ತಲೆಯೆತ್ತಿ ನನ್ನನ್ನು ನೋಡಿದೆ, ಆಮೇಲೆ ನಿನ್ನ ಕೈ ನೋಡಿಕೊಂಡೆ. ಆಮೇಲೆ ಮಾತಾಡಲಿಲ್ಲ. ನಲವತ್ತನೆಯ ದಿನದ ಅನ್ನ ಹಂಚಿ ಮುಗಿದ ಸಂಜೆ ನಿನ್ನ ತಂದೆ ಬಂದು ಕರೆದುಕೊಂಡು ಹೋದರು.

ಖೋಸಿಯತ್ ಈಗ ಊರಿನ ಆಚೆ ತುದಿಯಲ್ಲಿದ್ದಾಳೆ, ಎರಡು ಟ್ರಾಮ್ ಬದಲಾಯಿಸಿ ತಿಂಗಳಿಗೊಮ್ಮೆ ಬರುತ್ತಾಳೆ. ಪ್ರತಿ ಸಲವೂ ಕೈಚೀಲದಲ್ಲಿ ಒಂದು ಹುಡುಗಿಯ ಫೋಟೋ. "ಮಗನಿಗೆ ಮೂವತ್ತಾಗ್ತಾ ಬಂತು ಹುರ್ಮತ್ ಆಪಾ. ಎಷ್ಟು ದಿನ ಅಂತ ಹೀಗೆ ಜಾಡಿಗೆ ಹಾಕಿ ಮುಚ್ಚಿಡ್ತೀರಾ? ಹುಡುಗಿ ನೋಡಿ, ಮೈಕಟ್ಟು ಚೆನ್ನಾಗಿದೆ, ಬಾಯಿ ಇಲ್ಲ," ಎನ್ನುತ್ತಾಳೆ. "ಬಾಯಿ ಇಲ್ದೆ ಇರೋ ಸೊಸೆ ನನಗೊಬ್ಬಳಿದ್ದಾಳೆ," ಎಂದು ಹೇಳಿ ಕಳೆದ ಸಲ ಫೋಟೋ ವಾಪಸ್ ಕೊಟ್ಟೆ. ತುರ್ಗುನ್ ಒಳಗಿನ ಕೋಣೆಯಲ್ಲಿದ್ದ. ಅವನು ಆ ರಾತ್ರಿ ಊಟ ಮಾಡಲಿಲ್ಲ.

ಸಬೋಹತ್, ನಾನು ಯಾರನ್ನೂ ಬೇಡಿದವಳಲ್ಲ, ಅದು ನಿನಗೆ ಗೊತ್ತು. ನವೆಂಬರ್ ಐದರೊಳಗೆ ನೀನು ಬರಬೇಕು. ಬಂದರೆ ಒಳಗಿನ ಕೋಣೆ ನಿಮ್ಮಿಬ್ಬರದು, ನಾನೂ ನಫೀಸಾಳೂ ಹೊರಗೆ ಮಲಗುತ್ತೇವೆ. ಪೊರಕೆ ನಿನ್ನ ಕೈಗೆ ಬರುವುದಿಲ್ಲ, ನಾನಿರುವವರೆಗೆ ಅದು ನನ್ನದು. ಇಲ್ಲಿ ಸಂತೋಷವಾಗಿರುತ್ತೀಯ ಎಂದು ಸುಳ್ಳು ಹೇಳಲಾರೆ, ಈ ಊರಿನಲ್ಲಿ ನಾನು ಯಾರನ್ನೂ ಹಾಗೆ ಕಂಡಿಲ್ಲ. ಗೋಡೆಗಳು ಎದ್ದಿವೆ, ಅಷ್ಟೇ.

ನಿನ್ನ ತಂದೆ ತಾಯಿಗೆ ನನ್ನ ಸಲಾಂ ತಿಳಿಸು. ನಿನ್ನ ಕೈಗೆ ಬಲ ಬರಲಿ, ನಿದ್ದೆ ಬರಲಿ, ನನ್ನ ಆಯಸ್ಸಿನಲ್ಲಿ ಉಳಿದದ್ದು ಏನಾದರೂ ಇದ್ದರೆ ಅದು ನಿನಗೆ ಸೇರಲಿ.

ನಿನ್ನ ಅತ್ತೆ,
ಹುರ್ಮತ್

ಮತ್ತೆ: ತುರ್ಗುನ್ ಮೆಟ್ಟಿಲು ಹತ್ತುವ ಸದ್ದು ಕೇಳುತ್ತಿದೆ, ಬೇಗ ಬರೆಯುತ್ತೇನೆ. ಆ ಬೆಳಿಗ್ಗೆ ನೀನು ಓಣಿಗೆ ಹೋದ ಮೇಲೆ ನಾನು ನಿನ್ನ ಕೋಣೆಗೆ ಹೋಗಿದ್ದೆ. ಅನೋರಾ ಒಂದು ಕೈ ಹೊರಗೆ ಹಾಕಿಕೊಂಡು ಎಚ್ಚರವಾಗಿದ್ದಳು. ನನ್ನನ್ನು ಕಂಡು ನಕ್ಕಳು. ನಿನ್ನ ಗಂಟು ಎಂದಿನಂತೆ ಸಡಿಲವಾಗಿತ್ತು. ನಾನು ಅದನ್ನು ಬಿಚ್ಚಿ, ಕೈ ಒಳಗೆ ಸೇರಿಸಿ, ನನ್ನ ಗಂಟು ಹಾಕಿದೆ. ಎಳೆದು ನೋಡಿ ಹೊರಗೆ ಬಂದೆ. ಅಂಗಳದಲ್ಲಿ ನಿನಗೆ ಆ ಮಾತು ಹೇಳುವಾಗ ಇದು ನನಗೆ ಗೊತ್ತಿತ್ತು. ಮೂವತ್ತು ಜನ ನನ್ನ ಕಡೆ ನೋಡುವ ಮೊದಲು ನಿನ್ನ ಕಡೆ ನೋಡಲಿ ಎಂದು ಹೇಳಿದೆ. ಚಾಕು ಗಂಟಿನ ಪಕ್ಕದಲ್ಲಿ ಕೊಯ್ದಿತ್ತು, ಗಂಟು ಹಾಗೇ ಉಳಿಯಿತು. ಇಷ್ಟು ದಿನ ನನ್ನ ಪೆಟ್ಟಿಗೆಯಲ್ಲಿತ್ತು. ಪಟ್ಟಿಯ ಆ ತುಂಡನ್ನು ಈ ಕಾಗದದ ಜೊತೆ ಇಟ್ಟಿದ್ದೇನೆ. ಮುಟ್ಟಿ ನೋಡು. ಮೂರು ಸುತ್ತು, ತುದಿ ಎಡಕ್ಕೆ. ನಿನ್ನ ಕೈ ಅದನ್ನು ಎಂದೂ ಕಟ್ಟಿಲ್ಲ. ನಿನ್ನ ತಂದೆಯವರಿಗೂ ತೋರಿಸು. ಮೇಲೆ ಬಾ ಎಂದು ಬರೆದಿದ್ದೇನೆ, ಅದನ್ನು ಹೊಡೆದುಹಾಕುವುದಿಲ್ಲ, ಆದರೆ ಬರುತ್ತೀಯೆಂದು ಇನ್ನು ಕಾಯುವುದೂ ಇಲ್ಲ. ಲಕೋಟೆ ಅಂಟಿಸಿಲ್ಲ. ಅಂಚೆಗೆ ಹಾಕಲು ತುರ್ಗುನನ ಕೈಗೆ ಹಾಗೇ ಕೊಡುತ್ತಿದ್ದೇನೆ.